ನಿಮಗಿದು ಗೊತ್ತೇ? ನೆರೂಲ್‌ನಲ್ಲಿ ಮೊದಲಿಂದ ಕೊನೆವರೆಗೆ ಹಾಡಿದ ಆಲ್ಬಂ

◆ ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಥಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿದರೆ ನೆರೂಲ್ ಸುಮಾರು ಒಂದು ಗಂಟೆಯ ದಾರಿ. ಅಲ್ಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2019ರ ಡಿಸೆಂಬರ್ 15ರ ಭಾನುವಾರ ಐರ್ಲೆಂಡಿನ ಯು2 ತಂಡ ತನ್ನ 1987ರ ಆಲ್ಬಂ ‘ದಿ ಜೋಶುವಾ ಟ್ರೀ’ಯ 11 ಹಾಡುಗಳನ್ನೂ ತಟ್ಟೆಯಲ್ಲಿರುವ ಕ್ರಮದಲ್ಲೇ, ಒಂದನ್ನೂ ಬಿಡದೆ ಹಾಡಿತು. ಭಾರತದಲ್ಲಿ ಆ ತಂಡದ ಮೊದಲ ಕಾರ್ಯಕ್ರಮ ಅದು. ಆ ಪ್ರವಾಸದ ಕೊನೆಯ ಕಾರ್ಯಕ್ರಮವೂ ಅದೇ.

◆ ಈ ಕ್ರೀಡಾಂಗಣವನ್ನು ನಮ್ಮವರು ಹೆಚ್ಚಾಗಿ ಬಲ್ಲದ್ದು ಕ್ರಿಕೆಟ್ಟಿನಿಂದ. 2008ರ ಮೊದಲ ಐಪಿಎಲ್ ಫೈನಲ್ ನಡೆದದ್ದು ಇಲ್ಲಿ. 2025ರ ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದದ್ದೂ ಇಲ್ಲೇ.

◆ ಆ ಆಲ್ಬಂಗೆ ತಂಡ ಮೊದಲು ಯೋಚಿಸಿದ್ದ ಹೆಸರುಗಳಲ್ಲಿ ಎರಡು: ‘ದಿ ಡೆಸರ್ಟ್ ಸಾಂಗ್ಸ್’ ಮತ್ತು ‘ದಿ ಟೂ ಅಮೆರಿಕಾಸ್’. ಒಂದು ಅಮೆರಿಕ, ಡಬ್ಲಿನ್ನಿನ ನಾಲ್ವರು ಹುಡುಗರು ದೂರದಿಂದ ಪ್ರೀತಿಸಿದ್ದು: ಮರುಭೂಮಿ, ಬ್ಲೂಸ್, ಚರ್ಚುಗಳ ಗಾಸ್ಪೆಲ್ ಹಾಡು. ಇನ್ನೊಂದು ರೇಗನ್ ಕಾಲದ ಅಮೆರಿಕ, ಎಲ್ ಸಾಲ್ವಡೋರ್‌ನ ಅಂತರ್ಯುದ್ಧಕ್ಕೆ ಹಣ ಮತ್ತು ಶಸ್ತ್ರ ಕೊಟ್ಟದ್ದು. ಇಲ್ಲಿ ಕಥೆಯಿಲ್ಲ, ಪಾತ್ರಗಳಿಲ್ಲ. ಈ ಎರಡನ್ನೂ ಒಟ್ಟಿಗೆ ಹೇಗೆ ಪ್ರೀತಿಸುವುದು ಎಂಬ ಒಂದೇ ತೊಳಲಾಟದ ಸುತ್ತ ಹಾಡುಗಳು ತಿರುಗುತ್ತವೆ. ಕಥೆಯಿಲ್ಲದ್ದನ್ನು ಕಾನ್ಸೆಪ್ಟ್ ಆಲ್ಬಂ, ಅಂದರೆ ಒಂದೇ ಎಳೆಯ ಸುತ್ತ ಕಟ್ಟಿದ ಹಾಡುಗಳ ಮಾಲೆ, ಎನ್ನಬಾರದು ಎಂದು ವಾದಿಸುವವರಿದ್ದಾರೆ. ನಾನು ಧಾರಾಳವಾಗಿ ಅನ್ನುತ್ತೇನೆ.

◆ ಒಂದು ಎಳೆ ಹಿಡಿದು ಹಾಡುಗಳ ಮಾಲೆ ಕಟ್ಟುವುದನ್ನು ರಾಕ್ ತಂಡಗಳು ಶುರುಮಾಡಿದವು ಎಂಬ ನಂಬಿಕೆ ಬಹಳ ಜನರಿಗಿದೆ. ಫ್ರಾಂಕ್ ಸಿನಾಟ್ರಾ ‘ಇನ್ ದಿ ವೀ ಸ್ಮಾಲ್ ಅವರ್ಸ್’ ಎಂಬ ಆಲ್ಬಂನಲ್ಲಿ ನಡುರಾತ್ರಿಯ ಒಂಟಿತನದ ಹಾಡುಗಳನ್ನೇ ಸಾಲಾಗಿ ಜೋಡಿಸಿದ್ದು 1955ರಲ್ಲಿ, ರಾಕ್ ಇನ್ನೂ ಎಳೆಗೂಸಾಗಿದ್ದಾಗ.

◆ ಅದೇ 1955ರ ಏಪ್ರಿಲ್ 1, ರಾಮನವಮಿ. ಪುಣೆ ಆಕಾಶವಾಣಿಯಲ್ಲಿ ‘ಗೀತರಾಮಾಯಣ’ದ ಮೊದಲ ಹಾಡು ಬಂತು. ರಚನೆ ಗ.ದಿ. ಮಾಡಗೂಳಕರ್, ಸಂಗೀತ ಸುಧೀರ್ ಫಡ್ಕೆ. ವಾರಕ್ಕೆ ಒಂದೇ ಹಾಡು. ಆ ವರ್ಷ ಅಧಿಕಮಾಸವೂ ಸೇರಿದ್ದರಿಂದ ಒಟ್ಟು 56 ಹಾಡುಗಳಾದವು. ಡೊಂಬಿವಲಿಯ ಮರಾಠಿ ನೆರೆಮನೆಗಳಲ್ಲಿ ಇಂದಿಗೂ ಬಾಯಿಪಾಠವಾಗಿರುವ ಈ ಮಾಲೆ ಕನ್ನಡಕ್ಕೂ ಅನುವಾದವಾಗಿದೆ.

ಮೊದಲ ಹಾಡಿನ ಸಾಹಿತ್ಯದ ಹಾಳೆ ಧ್ವನಿಮುದ್ರಣದ ಹೊತ್ತಿಗೆ ಕಳೆದುಹೋಗಿ, ಮಾಡಗೂಳಕರರನ್ನು ಒಂದು ಕೋಣೆಯಲ್ಲಿ ಕೂರಿಸಿ ಅದೇ ಗಳಿಗೆಯಲ್ಲಿ ಮತ್ತೆ ಬರೆಸಿದರೆಂಬ ಕಥೆ ಮರಾಠಿ ಸಂಗೀತಪ್ರಿಯರಲ್ಲಿ ಪ್ರಸಿದ್ಧ. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಅದರ ಕಟ್ಟೋಣ. ಪ್ರತಿ ಹಾಡಿಗೂ ಹಾಡುವ ಪಾತ್ರ ಬೇರೆ, ಸಂದರ್ಭ ಬೇರೆ, ರಾಗದ ಆಯ್ಕೆಯೂ ಅದಕ್ಕೆ ತಕ್ಕಂತೆ. ಯಾವುದೇ ಒಂದನ್ನು ಎತ್ತಿ ಒಂಟಿಯಾಗಿ ಹಾಡಿದರೂ ನಿಲ್ಲುತ್ತದೆ. ಸಾಲಿನೊಳಗೆ ಕೇಳಿದರೆ ಅದರ ತೂಕ ಇನ್ನೂ ಹೆಚ್ಚುತ್ತದೆ. ಇಂಥ ಯಾವ ಆಲ್ಬಂನ ಬಲಾಬಲ ನೋಡುವಾಗಲೂ ನಾನು ಹಿಡಿಯುವ ಅಳತೆಗೋಲು ಇದೇ. ನೆರೆಯ ಹಾಡಿನಿಂದ ಈ ಹಾಡಿಗೆ ಏನು ಸಿಕ್ಕಿತು? ನೆರೆಯವರಿಲ್ಲದೆ ಇದು ಬದುಕುತ್ತದೆಯೇ?

◆ ಎಲ್‌ಪಿ ತಟ್ಟೆಯ ಕಾಲದಲ್ಲಿ ಹಾಡುಗಳ ಕ್ರಮವನ್ನು ಸಂಗೀತಗಾರನ ಜೊತೆ ಭೌತವಿಜ್ಞಾನವೂ ಕೂತು ತೀರ್ಮಾನಿಸುತ್ತಿತ್ತು. ತಟ್ಟೆ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ಸುತ್ತುತ್ತದೆ. ಹೊರಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಸರಿದರೆ, ನಡುವಿನ ಲೇಬಲ್ ಬಳಿ ಬರುವಾಗ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಜಾಗ ಇಕ್ಕಟ್ಟಾದಷ್ಟೂ ತಾರದ ನಾದ ಮಸುಕಾಗುತ್ತದೆ, ಸಿಡಿಯುತ್ತದೆ. ಹಾಗಾಗಿ ಅಬ್ಬರದ ಹಾಡು ಮೊದಲಿಗೆ, ಮೆಲ್ಲನೆಯ ಹಾಡು ಬದಿಯ ಕೊನೆಗೆ ಎಂಬುದು ರೂಢಿಯಾಯಿತು. ‘ದಿ ಜೋಶುವಾ ಟ್ರೀ’ಯ ಎರಡೂ ಬದಿಗಳು ತಗ್ಗಿದ ದನಿಯ ಹಾಡಿನಲ್ಲೇ ಮುಗಿಯುತ್ತವೆ.

◆ ಆದರೆ ಉಳಿದ ಕ್ರಮ ಇಟ್ಟವರು ತಂಡದವರೇ ಅಲ್ಲ! 1987ರ ಜನವರಿಯಲ್ಲಿ, ಕೆಲಸ ಮುಗಿಸುವ ಗಡುವು ತಲೆಯ ಮೇಲಿದ್ದಾಗ, ಮಿಕ್ಸಿಂಗ್ ಮಾಡುತ್ತಿದ್ದ ಸ್ಟೀವ್ ಲಿಲಿವೈಟ್ ಅವರ ಪತ್ನಿ, ಗಾಯಕಿ ಕರ್ಸ್ಟಿ ಮೆಕಾಲ್, ಆ ಕೆಲಸ ತಾನು ಮಾಡುತ್ತೇನೆಂದರು. ‘ವೇರ್ ದಿ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್’ ಮೊದಲಿರಲಿ, ‘ಮದರ್ಸ್ ಆಫ್ ದಿ ಡಿಸಪಿಯರ್ಡ್’ ಕೊನೆಗಿರಲಿ ಎಂದಷ್ಟೇ ತಂಡ ಹೇಳಿತು. ನಡುವಿನ ಒಂಬತ್ತನ್ನು ಆಕೆ ತನಗೆ ಇಷ್ಟವಾದ ಕ್ರಮದಲ್ಲಿ ಜೋಡಿಸಿದರು.

ಆಕೆಯ ಕಿವಿ ಎಷ್ಟು ಚುರುಕೆಂದರೆ, ಎರಡನೆಯ ಮತ್ತು ಮೂರನೆಯ ಜಾಗಕ್ಕೆ ಆಕೆ ಆರಿಸಿದ ‘ಐ ಸ್ಟಿಲ್ ಹ್ಯಾವಂಟ್ ಫೌಂಡ್ ವಾಟ್ ಐಯಾಮ್ ಲುಕಿಂಗ್ ಫಾರ್’ ಮತ್ತು ‘ವಿತ್ ಆರ್ ವಿದೌಟ್ ಯೂ’ ಎರಡೂ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದವು. ಯು2ಗೆ ಅಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಆ ಎರಡು ಹಾಡಿಗೆ ಮಾತ್ರ. ಈ ಆಲ್ಬಂನ ಬಲವೂ ದೌರ್ಬಲ್ಯವೂ ಇಲ್ಲೇ ಇದೆ. ಮೊದಲ ಹದಿನೈದು ನಿಮಿಷದಲ್ಲಿ ಮೂರು ಮಹಾ ಹಾಡುಗಳು ಮುಗಿದುಹೋಗುತ್ತವೆ. ಒಟ್ಟು ಅವಧಿ 50 ನಿಮಿಷ.

◆ ನಮ್ಮ ಯಕ್ಷಗಾನದ ಇಡೀ ರಾತ್ರಿಯ ಪ್ರಸಂಗ ಕಟ್ಟಿದವರು ಈ ತಪ್ಪು ಮಾಡುವವರಲ್ಲ. ರಾತ್ರಿ ಒಂಬತ್ತಕ್ಕೇ ದೊಡ್ಡ ಬಣ್ಣದ ವೇಷ ರಂಗಕ್ಕೆ ಬಂದು ಕುಣಿದು ಹೋದರೆ ಬೆಳಗಿನ ಜಾವದವರೆಗೆ ಚಾಪೆಯ ಮೇಲೆ ಯಾರು ಕೂತಿರುತ್ತಾರೆ? ಭಾಗವತರು ಕಾವು ಏರಿಸುತ್ತ, ಇಳಿಸುತ್ತ, ಮತ್ತೆ ಏರಿಸುತ್ತ ಒಯ್ಯುತ್ತಾರೆ. ಮುಂಬಯಿಯಲ್ಲಿ ಕೊನೆಯ ಲೋಕಲಿಗೆ ಹೆದರಿ ಆಟವನ್ನು ಮೂರು ಗಂಟೆಗೆ ಇಳಿಸಿದಾಗಲೂ ಕೊನೆಯ ಯುದ್ಧಕ್ಕೆ ಉಸಿರು ಉಳಿಸಿಕೊಳ್ಳುತ್ತಾರೆ.

◆ ಮೊದಲ ಹಾಡು ‘ವೇರ್ ದಿ ಸ್ಟ್ರೀಟ್ಸ್…’ ಮೂರರ ಎಣಿಕೆಯ ನಡೆಯಲ್ಲಿ ಶುರುವಾಗಿ, ತಂಡವೆಲ್ಲ ಸೇರುವ ಹೊತ್ತಿಗೆ ನಾಲ್ಕರ ಎಣಿಕೆಗೆ ಹೊರಳುತ್ತದೆ. ಅದನ್ನು ನುಡಿಸಲು ತಂಡ ಪಟ್ಟ ಪಾಡು ಅಷ್ಟಿಷ್ಟಲ್ಲ. ಒಟ್ಟು ಧ್ವನಿಮುದ್ರಣದ ಅರ್ಧದಷ್ಟು ಕಾಲ ಇದೊಂದೇ ಹಾಡಿಗೆ ಹೋಯಿತೆಂದು ನಿರ್ಮಾಪಕ ಬ್ರಯನ್ ಈನೋ ಅವರ ಅಂದಾಜು. ಬೇಸತ್ತ ಈನೋ, ಹೊಸದಾಗಿ ಶುರುಮಾಡೋಣವೆಂದು ಟೇಪನ್ನೇ ಅಳಿಸಲು ಹೊರಟಿದ್ದರು. ಸಹಾಯಕ ಎಂಜಿನಿಯರ್ ಪ್ಯಾಟ್ ಮೆಕಾರ್ಥಿ ಓಡಿಬಂದು ತಡೆಯದಿದ್ದರೆ ಆ ಮುದ್ರಣ ಉಳಿಯುತ್ತಿರಲಿಲ್ಲ.

◆ ಆ ಹಾಡಿನ ಹಿಂದಿನ ಯೋಚನೆ ನಮಗೆ ಹತ್ತಿರದ್ದು. ಬೆಲ್‌ಫಾಸ್ಟ್‌ನಲ್ಲಿ ಒಬ್ಬನ ಬೀದಿಯ ಹೆಸರು ಕೇಳಿದರೆ ಸಾಕು, ಅವನ ಧರ್ಮ ಯಾವುದು, ಕಿಸೆಯಲ್ಲಿ ಎಷ್ಟಿದೆ ಎಂದು ತಿಳಿದುಬಿಡುತ್ತದೆ ಎಂಬುದು ಗಾಯಕ ಬೋನೋ ಅವರ ವಿವರಣೆ. ಇಥಿಯೋಪಿಯದ ಬರಪೀಡಿತರ ನಡುವೆ ಕೆಲಸ ಮಾಡಿ ಬಂದ ಮೇಲೆ ಅವರಿಗೆ ಹೊಳೆದದ್ದು ಇದು. ವಿಳಾಸ ಕೇಳಿ ಮನುಷ್ಯನನ್ನು ಅಳೆಯುವ ಊರಲ್ಲಿ ಬಾಡಿಗೆ ಮನೆ ಹುಡುಕಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

◆ ‘ವಿತ್ ಆರ್ ವಿದೌಟ್ ಯೂ’ನಲ್ಲಿ ಹಿಂದೆ ಕಡಿಯದೆ ಎಳೆಯುತ್ತಿರುವ ಗಿಟಾರಿನ ಸ್ವರ ಬಂದದ್ದು ಕೆನಡದ ಮೈಕಲ್ ಬ್ರೂಕ್ ಕೈಯಿಂದ ತಯಾರಾದ ‘ಇನ್ಫಿನಿಟ್ ಗಿಟಾರ್’ನಿಂದ. ಒಮ್ಮೆ ಮೀಟಿದರೆ ಸ್ವರ ನಿಲ್ಲುವುದೇ ಇಲ್ಲ.

◆ 1986ರಲ್ಲಿ ಬೋನೋ ನಿಕರಾಗುವ ಮತ್ತು ಎಲ್ ಸಾಲ್ವಡೋರ್‌ಗೆ ಹೋಗಿ ಬಂದದ್ದರ ಫಲ ‘ಬುಲೆಟ್ ದಿ ಬ್ಲೂ ಸ್ಕೈ’. ಆ ಭೀಕರ ಗದ್ದಲ ಮುಗಿದೊಡನೆ ‘ರನ್ನಿಂಗ್ ಟು ಸ್ಟ್ಯಾಂಡ್ ಸ್ಟಿಲ್’ ಬರುತ್ತದೆ, ಡಬ್ಲಿನ್ನಿನ ಬ್ಯಾಲಿಮನ್‌ನ ಏಳು ಗೋಪುರ ಕಟ್ಟಡಗಳ ನೆರಳಿನ ಹಾಡು. ಹೆರಾಯಿನ್‌ಗೆ ಬಿದ್ದವರ ಬದುಕು ಅದರ ವಸ್ತು. ಯುದ್ಧವಿಮಾನದ ಪಕ್ಕಕ್ಕೆ ಒಂದು ಫ್ಲ್ಯಾಟಿನೊಳಗಿನ ನಿಟ್ಟುಸಿರು. ಬಿಡಿಯಾಗಿ ಕೇಳಿದರೆ ಎರಡೂ ಒಳ್ಳೆಯ ಹಾಡುಗಳು. ಒಂದರ ಹಿಂದೆ ಒಂದು ಕೇಳಿದರೆ ಎದೆ ಹಿಡಿದುಕೊಳ್ಳುತ್ತದೆ. ಕಾನ್ಸೆಪ್ಟ್ ಆಲ್ಬಂ ಎಂಬುದರ ಸಮರ್ಥನೆ ಬೇಕೆಂದವರಿಗೆ ನಾನು ತೋರಿಸುವುದು ಈ ಎರಡು ಹಾಡುಗಳ ನಡುವಿನ ಸಂದನ್ನು.

◆ ಎರಡನೆಯ ಬದಿಗೆ ಬಂದರೆ ‘ಎರಡು ಅಮೆರಿಕ’ದ ಎಳೆ ಸಡಿಲವಾಗುತ್ತದೆ. ‘ರೆಡ್ ಹಿಲ್ ಮೈನಿಂಗ್ ಟೌನ್’ 1984ರ ಬ್ರಿಟಿಷ್ ಗಣಿ ಕಾರ್ಮಿಕರ ಮುಷ್ಕರದ್ದು. ‘ಒನ್ ಟ್ರೀ ಹಿಲ್’ ನ್ಯೂಜಿಲೆಂಡಿನ ಆಕ್ಲೆಂಡಿನದು. ‘ಮದರ್ಸ್ ಆಫ್ ದಿ ಡಿಸಪಿಯರ್ಡ್’ ಅರ್ಜೆಂಟೀನ ಮತ್ತು ಎಲ್ ಸಾಲ್ವಡೋರ್‌ನಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರದು. ನಡುವೆ ಬರುವ ‘ಟ್ರಿಪ್ ಥ್ರೂ ಯುವರ್ ವೈರ್ಸ್’ ಹಾರ್ಮೋನಿಕ ಊದುತ್ತ ಲಘುವಾಗಿ ಸಾಗುತ್ತದೆ. ಅದಿಲ್ಲದಿದ್ದರೂ ಆಲ್ಬಂ ಬಡವಾಗುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ.

ಆದರೂ ಕೇಳುಗರನ್ನು ಬೇಡಿಕೊಳ್ಳುತ್ತೇನೆ, ಎರಡನೆಯ ಬದಿಯನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಕೊನೆಯ ಮೂರು ಹಾಡುಗಳು ಸಾವನ್ನು ಮೂರು ಕಡೆಯಿಂದ ನೋಡುತ್ತವೆ: ಗೆಳೆಯನ ಸಾವು, ಕೊಲೆಗಾರನ ತಲೆಯೊಳಗಿನ ಕತ್ತಲೆ, ಹೆಣವೂ ಸಿಗದ ಮಕ್ಕಳಿಗಾಗಿ ಕಾಯುವ ತಾಯಂದಿರು. ನಡುವಿನ ‘ಎಕ್ಸಿಟ್’ ಒಂಟಿಯಾಗಿ ನಿಲ್ಲುವ ಹಾಡೇ ಅಲ್ಲ. ಆದರೆ ಅದರ ಹಿಂದೆ ಆ ತಾಯಂದಿರ ಹಾಡು ಬಂದಾಗ, ಕೊಲೆಗೆ ಒಂದು ಮುಖವೂ ಒಂದು ಮನೆಯೂ ಸಿಗುತ್ತದೆ. ರೇಡಿಯೊ ಮೊದಲ ಮೂರು ಹಾಡನ್ನು ಬೆಳೆಸಿತು. ಈ ಕೊನೆಯ ಮೂರನ್ನು ಬೆಳೆಸಬಲ್ಲದ್ದು ಇಡೀ ಆಲ್ಬಂ ಮಾತ್ರ.

◆ ‘ಒನ್ ಟ್ರೀ ಹಿಲ್’ ಹಾಡು ಗ್ರೆಗ್ ಕ್ಯಾರಲ್ ಎಂಬ ಮಾವೋರಿ ತರುಣನ ನೆನಪಿನದು. ತಂಡದ ಜೊತೆ ಕೆಲಸ ಮಾಡುತ್ತಿದ್ದ ಅವರು 1986ರ ಜುಲೈನಲ್ಲಿ ಡಬ್ಲಿನ್ನಿನಲ್ಲಿ ಮೋಟರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡರು. ಬೋನೋ ಆ ಹಾಡನ್ನು ಒಂದೇ ಬಾರಿಗೆ ಹಾಡಿ ಮುಗಿಸಿದರು; ಮತ್ತೊಮ್ಮೆ ಹಾಡುವ ಶಕ್ತಿ ಅವರಿಗಿರಲಿಲ್ಲ. ಇಡೀ ಆಲ್ಬಂ ಕ್ಯಾರಲ್ ಅವರಿಗೇ ಅರ್ಪಿತ.

◆ ಆಕ್ಲೆಂಡಿನ ಆ ಗುಡ್ಡದ ಒಂಟಿ ಮರವನ್ನು, ಯಂತ್ರಗರಗಸದ ದಾಳಿಗಳಿಂದ ಸೊರಗಿದ್ದ ಕಾರಣ, 2000ದ ಅಕ್ಟೋಬರ್‌ನಲ್ಲಿ ಕಡಿದರು. ಆಲ್ಬಂನ ಚಿತ್ರಗಳಲ್ಲಿರುವ, ಕ್ಯಾಲಿಫೋರ್ನಿಯದ ಡಾರ್ವಿನ್ ಬಳಿಯ ಜೋಶುವಾ ಮರ ಉರುಳಿದ್ದೂ ಸುಮಾರು ಅದೇ ಹೊತ್ತಿಗೆ. ಅದನ್ನು ಹುಡುಕಿಕೊಂಡು ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನಕ್ಕೆ ಹೋದವರು ಮರದಿಂದ ನೂರಾರು ಕಿಲೋಮೀಟರ್ ದೂರ ಹೋದಂತೆ.

◆ ‘ರೆಡ್ ಹಿಲ್ ಮೈನಿಂಗ್ ಟೌನ್’ ಎರಡನೆಯ ಸಿಂಗಲ್ ಆಗಬೇಕಿತ್ತು. ನೀಲ್ ಜೋರ್ಡನ್ ನಿರ್ದೇಶನದಲ್ಲಿ ವಿಡಿಯೊ ಕೂಡ ತಯಾರಾಗಿತ್ತು. ಬೋನೋಗೆ ಅದರ ತಾರಸ್ಥಾಯಿಯನ್ನು ವೇದಿಕೆಯ ಮೇಲೆ ದಿನವೂ ಮುಟ್ಟಲಾಗಲಿಲ್ಲ. ಜನರೆದುರು ಆ ಹಾಡು ಮೊದಲ ಬಾರಿಗೆ ಬಂದದ್ದು 2017ರ ಮೇ 12ರಂದು, ವ್ಯಾಂಕೂವರ್‌ನಲ್ಲಿ. ಮೂವತ್ತು ವರ್ಷ ಕಾದ ಆ ಹಾಡು ನೆರೂಲ್‌ಗೂ ಬಂತು. ಆಲ್ಬಂ ಪೂರ್ತಿ ಹಾಡಬೇಕೆಂಬ ಹಟವಿಲ್ಲದಿದ್ದರೆ ಅದು ಯಾವ ಊರಿಗೂ ಬರುತ್ತಿರಲಿಲ್ಲವೇನೋ.

◆ ಇಡೀ ಆಲ್ಬಂ ವೇದಿಕೆಗೆ ಬಂದದ್ದು ನಮ್ಮ ಕಡೆ ಅದೇ ಮೊದಲಲ್ಲ. ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ 2007ರ ಫೆಬ್ರವರಿ 18ರಂದು ಬಾಂದ್ರಾ–ಕುರ್ಲಾ ಸಂಕೀರ್ಣದ ಮೈದಾನದಲ್ಲಿ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973) ಅನ್ನು ಪೂರ್ತಿ ನುಡಿಸಿದ್ದರು.

ಕ್ರಮದ ವಿಷಯದಲ್ಲಿ ಈ ಆಲ್ಬಂ ಯು2ಗಿಂತ ಬಹಳ ಮುಂದೆ. ಹಾಡುಗಳು ಒಂದರೊಳಗೊಂದು ಸೇರಿಕೊಂಡು ಹರಿಯುತ್ತವೆ, ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತವೆ, ಅತ್ಯುತ್ತಮವಾದದ್ದು ಕೊನೆಯಲ್ಲೇ ಇದೆ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1973ರಿಂದ 1988ರ ನಡುವೆ ಒಟ್ಟು 741 ವಾರ ಇತ್ತು. ನಡುನಡುವೆ ಕೇಳುವ ಮಾತುಗಳಲ್ಲಿ ಒಂದು ದನಿ ಸ್ಟುಡಿಯೊದ ದ್ವಾರಪಾಲಕರದು. ಪಾಲ್ ಮೆಕಾರ್ಟ್ನಿ ಅವರನ್ನೂ ಮಾತಾಡಿಸಿದ್ದರು, ಅದನ್ನು ಬಳಸಲಿಲ್ಲ. ಮಾತಿಲ್ಲದೆ ಬರೀ ಕೊರಳಿನಿಂದ ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ ಹಾಡಿದ ಕ್ಲೇರ್ ಟೋರಿಗೆ ಸಿಕ್ಕ ಸಂಭಾವನೆ 30 ಪೌಂಡ್. ರಚನೆಯಲ್ಲಿ ತನ್ನ ಪಾಲು ಕೇಳಿ ಆಕೆ ನ್ಯಾಯಾಲಯಕ್ಕೆ ಹೋದದ್ದು 2004ರಲ್ಲಿ. ಮರುವರ್ಷ ರಾಜಿಯಾಗಿ ಹಾಡಿನ ಜೊತೆ ಆಕೆಯ ಹೆಸರೂ ಸೇರಿತು. ಸೇರಲೇಬೇಕಿತ್ತು.

◆ ಎಲ್ಲರೂ ಮೊದಲು ಹೆಸರಿಸುವ, ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ (1967) ಎಳೆಯ ದೃಷ್ಟಿಯಿಂದ ಬಲು ತೆಳು. ತನ್ನ ಹಾಡುಗಳಿಗೂ ಆ ಕಲ್ಪನೆಗೂ ಸಂಬಂಧವೇ ಇಲ್ಲವೆಂದು ಜಾನ್ ಲೆನನ್ ಅವರೇ ಹೇಳಿದ್ದರು.

◆ ಅದೇ 1967ರಲ್ಲಿ ಮುಂಬಯಿಯ ಎಚ್‌ಎಂವಿ ಹೊರತಂದ ‘ಕಾಲ್ ಆಫ್ ದಿ ವ್ಯಾಲಿ’ಯ ಎಳೆ ಬಲು ಗಟ್ಟಿ. ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಕೊಳಲು, ಬ್ರಿಜಭೂಷಣ್ ಕಾಬ್ರಾರ ಗಿಟಾರ್. ಕಾಶ್ಮೀರದ ಕುರುಬನೊಬ್ಬನ ಒಂದು ದಿನ ಅದರ ವಸ್ತು. ಬೆಳಗಿನ ಆಹಿರ್ ಭೈರವದಿಂದ ಹಿಡಿದು ರಾಗಗಳು ಹೊತ್ತಿಗೆ ತಕ್ಕಂತೆ ಸರಿಯುತ್ತವೆ. ಕ್ರಮ ಬದಲಿಸಿದರೆ ಸೂರ್ಯನೇ ತಪ್ಪಿ ಮೂಡಿದಂತಾಗುತ್ತದೆ. ಹಾಡುಗಳ ಕ್ರಮಕ್ಕೆ ಇದಕ್ಕಿಂತ ಸಹಜವಾದ ಕಾರಣ ಇರುವ ಆಲ್ಬಂ ನನಗೆ ಗೊತ್ತಿಲ್ಲ.

◆ 1968ರ ಜನವರಿಯಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಮುಂಬಯಿಯ ಎಚ್‌ಎಂವಿ ಸ್ಟುಡಿಯೊದಲ್ಲಿ ‘ದಿ ಇನ್ನರ್ ಲೈಟ್’ ಹಾಡಿನ ವಾದ್ಯಭಾಗವನ್ನು ಮುದ್ರಿಸಿಕೊಂಡು ಹೋದರು. ಅದರಲ್ಲಿ ಕೊಳಲು ನುಡಿಸಿದವರು ಚೌರಾಸಿಯಾ.

◆ ವಿಮರ್ಶಕರು ‘ಆಕ್ವಾಲಂಗ್’ ಅನ್ನು ಕಾನ್ಸೆಪ್ಟ್ ಆಲ್ಬಂ ಎಂದದ್ದನ್ನು ಒಪ್ಪದ ಜೆಥ್ರೋ ಟಲ್‌ನ ಇಯಾನ್ ಆ್ಯಂಡರ್ಸನ್, ಆ ಪ್ರಕಾರವನ್ನೇ ಅಣಕಿಸಲು 1972ರಲ್ಲಿ ‘ಥಿಕ್ ಆ್ಯಸ್ ಎ ಬ್ರಿಕ್’ ಮಾಡಿದರು. ಎರಡು ಬದಿ ಸೇರಿ ಒಂದೇ ಹಾಡು, ಹೊದಿಕೆ 12 ಪುಟಗಳ ಕಲ್ಪಿತ ಪತ್ರಿಕೆ. ಅಣಕವೆಂದು ಹೊರಟದ್ದು ಆ ಪ್ರಕಾರದ ಶ್ರೇಷ್ಠ ಆಲ್ಬಂಗಳ ಸಾಲಿಗೇ ಸೇರಿತು.

◆ ಕನ್ನಡದಲ್ಲಿ ಒಂದು ಎಳೆ ಹಿಡಿದು ಹಾಡುಗಳ ಮಾಲೆ ಕಟ್ಟುವ ಕೆಲಸ ಮಾಡಿದ್ದು ಭಾವಗೀತೆ. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ. ಒಬ್ಬ ಕವಿ, ಒಂದು ಸುರುಳಿ ಎಂಬ ಪದ್ಧತಿ ಅಲ್ಲಿಂದ ನೆಲೆಯೂರಿತು. ಅದರಲ್ಲೂ ಯು2ಗೆ ಆದದ್ದೇ ಆಯಿತು: ಶೀರ್ಷಿಕೆಯ ಹಾಡು ಎಷ್ಟು ಬೆಳೆಯಿತೆಂದರೆ ಜೊತೆಗಿದ್ದವು ಅದರ ನೆರಳಿಗೆ ಸರಿದವು.

ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯ ಭಾಗ್ಯ ಬೇರೆ. 1942ರ ಆ ಸಂಕಲನದ ಎಳೆಯೇ ದಾಂಪತ್ಯ. ಅಶ್ವಥ್ ಅವರ ಸಂಗೀತದಲ್ಲಿ, ನಾಗಾಭರಣ ಅವರ ನಿರ್ದೇಶನದಲ್ಲಿ ಆ ಕವಿತೆಗಳಿಂದಲೇ ಒಂದು ಚಲನಚಿತ್ರದ ಕಥೆ ಹೆಣೆಯಲು ಸಾಧ್ಯವಾಯಿತು. ಕವಿಗೆ ಗೀತರಚನೆಯ ರಾಷ್ಟ್ರಪ್ರಶಸ್ತಿಯೂ ಬಂತು. ‘ದಿ ವಾಲ್’ (1979) ಆಲ್ಬಂನಿಂದ ಆ್ಯಲನ್ ಪಾರ್ಕರ್ 1982ರಲ್ಲಿ ಚಿತ್ರ ಮಾಡಿದ್ದನ್ನು ಕೊಂಡಾಡುವ ನಮ್ಮ ರಾಕ್ ಪ್ರಿಯರು ಇದನ್ನೂ ಒಮ್ಮೆ ಪಕ್ಕದಲ್ಲಿಟ್ಟು ನೋಡಬೇಕು.

◆ 2021ರ ನವೆಂಬರ್‌ನಲ್ಲಿ ಗಾಯಕಿ ಅಡೆಲ್ ಕೇಳಿಕೊಂಡದ್ದಕ್ಕೆ ಸ್ಪಾಟಿಫೈ ತನ್ನ ಆಲ್ಬಂ ಪುಟಗಳಲ್ಲಿ ಮೊದಲು ಕಾಣುತ್ತಿದ್ದ ಶಫಲ್ ಗುಂಡಿಯನ್ನು ತೆಗೆದುಹಾಕಿತು. ಕ್ರಮಕ್ಕೆ ಈಚೆಗೆ ಸಿಕ್ಕ ದೊಡ್ಡ ಗೆಲುವು ಅದು.

◆ ನೆರೂಲ್‌ನ ರಾತ್ರಿ ಯು2 ಮೊದಲು ಹಾಡಿದ್ದು 80ರ ದಶಕದ ಮೊದಲ ಭಾಗದ ಹಳೆಯ ಹಾಡುಗಳನ್ನು. ಆಮೇಲೆ ಆಲ್ಬಂ, ಸುಮಾರು 200 ಅಡಿ ಅಗಲದ ಪರದೆಯ ಎದುರು, ಆ್ಯಂಟನ್ ಕಾರ್ಬೈನ್ ತೆಗೆದ ಮರುಭೂಮಿಯ ಚಿತ್ರಗಳೊಂದಿಗೆ. ಮುಖಪುಟಕ್ಕೆ 1986ರಲ್ಲಿ ಫೋಟೊ ತೆಗೆದವರೂ ಅವರೇ. ತಾಯಂದಿರ ಹಾಡಿನಲ್ಲಿ ಆಲ್ಬಂ ಮುಗಿದ ಬಳಿಕ ಮತ್ತೆ ಅಬ್ಬರದ ಹಾಡುಗಳು ಬಂದವು, ಎ.ಆರ್. ರೆಹಮಾನ್ ವೇದಿಕೆಗೆ ಬಂದು ಮಗಳಂದಿರ ಜೊತೆ ‘ಅಹಿಂಸಾ’ ಹಾಡಿದರು. ಆಲ್ಬಂನ ಇಳಿಜಾರಿನ ಎರಡೂ ಕಡೆಗೆ ಹೀಗೆ ಏರು ಕಟ್ಟಿದ್ದು ಜಾಣತನ. ಅದರಿಂದಲೇ ಎರಡನೆಯ ಬದಿಗೆ ಕೇಳುಗರು ಸಿಕ್ಕರು.

◆ ಆ ತಂಡದ ಮುಂದಿನ ದೊಡ್ಡ ಕಾರ್ಯಕ್ರಮ ಸರಣಿ ಶುರುವಾದದ್ದು 2023ರ ಸೆಪ್ಟೆಂಬರ್ 29ರಂದು, ಲಾಸ್ ವೇಗಾಸ್‌ನ ‘ಸ್ಫಿಯರ್’ನಲ್ಲಿ. ಅಲ್ಲೂ ಒಂದು ಇಡೀ ಆಲ್ಬಂ: 1991ರ ‘ಅಕ್ಟಂಗ್ ಬೇಬಿ’. ಈ ಬಾರಿ ಮಾತ್ರ ಅವರು ತಟ್ಟೆಯ ಕ್ರಮವನ್ನು ಬಿಟ್ಟರು. ಹಾಡುಗಳ ಜಾಗ ಬದಲಿಸಿ, ಆಲ್ಬಂ ಅನ್ನು ಎರಡು ಭಾಗವಾಗಿ ಒಡೆದು, ನಡುವೆ ಬೇರೆ ಹಾಡುಗಳನ್ನಿಟ್ಟು, ‘ಅಕ್ರೋಬ್ಯಾಟ್’ನಂಥ ಕಡಿಮೆ ಕೇಳಿಸಿಕೊಂಡ ಹಾಡುಗಳಿಗೆ ಹೊಸ ಉಸಿರಿನ ಎರಡನೆಯ ಸರದಿ ಕೊಟ್ಟರು.